ಹಳೆಯ ಮರದ ಸಾಮಾನಿನ ಬೆಲೆ

ತಲೆಮಾರುಗಳಿಂದ ಮನೆಯಲ್ಲಿ ಉಳಿದುಬಂದಿರುವ ಮಂಚ, ಮೇಜು, ಬೀರು, ಪೆಟ್ಟಿಗೆ ಮೊದಲಾದ ಮರದ ಸಾಮಾನುಗಳನ್ನು ಮಾರಬಹುದೇ, ಮಾರಿದರೆ ಪ್ರಯೋಜನವುಂಟೇ ಎಂಬ ವಿಷಯವನ್ನು ಕುರಿತು ಈ ದಿನ ಕೆಲವು ಮಾತುಗಳನ್ನಾಡಬೇಕೆಂದಿದ್ದೇವೆ. ವಿಷಯವು ಸಣ್ಣದೆಂದು ತೋರಬಹುದು. ಆದರೆ ಈ ಪ್ರಶ್ನೆಯು ಗೃಹಸ್ಥನ ಮುಂದೆ ಯಾವ ಕಾಲದಲ್ಲಿ ಬಂದು ನಿಲ್ಲುತ್ತದೆಂಬುದನ್ನು ಯೋಚಿಸಿದರೆ ಅದರ ಭಾರವು ತಿಳಿಯುತ್ತದೆ. ಹಿರಿಯರು ತೀರಿಹೋಗಿ ಅಣ್ಣತಮ್ಮಂದಿರು ಪಾಲಾಗುವಾಗ, ಊರಿನ ತೊಟ್ಟಿಯ ಮನೆಯನ್ನು ಬಿಟ್ಟು ಪಟ್ಟಣದ ಎರಡು ಕೋಣೆಯ ವಾಸಕ್ಕೆ ಹೊರಡುವಾಗ, ಮದುವೆಗೋ ಔಷಧೋಪಚಾರಕ್ಕೋ ಹಣವು ಸಾಲದೆ ಬಂದಾಗ ಈ ಪ್ರಶ್ನೆಯು ಏಳುತ್ತದೆ. ನಿಧಾನವಾಗಿ ವಿಚಾರಮಾಡಲು ಅವಕಾಶವಿಲ್ಲದಿರುವ ಸಮಯದಲ್ಲಿಯೇ ವಿಚಾರಮಾಡಬೇಕಾದ ಪ್ರಸಂಗವು ಒದಗುತ್ತದೆ. ಅದೇ ಹೊತ್ತಿಗೆ ಹಳೆಯ ಸಾಮಾನು ಕೊಳ್ಳುವ ವ್ಯಾಪಾರಿಯು ಬಾಗಿಲಿಗೆ ಬಂದು, ಎಲ್ಲವನ್ನೂ ಒಂದು ಸಲ ಕಣ್ಣಾಡಿಸಿ, ಇಷ್ಟಕ್ಕೂ ಸೇರಿ ಇಷ್ಟು ರೂಪಾಯಿ ಎನ್ನುತ್ತಾನೆ. ಮನೆಯವರಿಗೆ ಅದು ಹೆಚ್ಚೋ ಕಡಮೆಯೋ ತಿಳಿಯದು. ಅವನಿಗಾದರೋ ಚೆನ್ನಾಗಿ ತಿಳಿದಿರುತ್ತದೆ.

ಅವನನ್ನು ದೂರುವುದು ನಮ್ಮ ಉದ್ದೇಶವಲ್ಲ. ತನ್ನ ಕಸಬನ್ನು ತಿಳಿದಿರುವುದು ಅವನ ತಪ್ಪಲ್ಲವಷ್ಟೆ. ತನ್ನ ಮನೆಯ ಪದಾರ್ಥವನ್ನು ತಾನೇ ತಿಳಿಯದಿರುವವನಿಗೆ ನಷ್ಟವಾಗುವುದು ಸಹಜ. ಆದಕಾರಣ ಕೊಳ್ಳುವವನು ಬರುವುದಕ್ಕೆ ಮುಂಚೆಯೇ ಮನೆಯವರು ತಿಳಿದುಕೊಳ್ಳತಕ್ಕ ಸಂಗತಿಗಳೇನು ಎಂಬುದನ್ನು ಕ್ರಮವಾಗಿ ಹೇಳುತ್ತೇವೆ.

ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಬೇಕಾದ ಸಂಗತಿ ಇದು. ಹಳೆಯ ಮರದ ಸಾಮಾನಿಗೆ ಒಂದು ಬೆಲೆಯಲ್ಲ, ಮೂರು ಬೆಲೆಗಳುಂಟು. ಮರದ ಬೆಲೆಯೊಂದು, ಉಪಯೋಗದ ಬೆಲೆಯೊಂದು, ಅಪೂರ್ವತೆಯ ಬೆಲೆಯೊಂದು. ಸಾಮಾನನ್ನು ಕಳಚಿ ಹಲಗೆಯಾಗಿಯೂ ತೊಲೆಯಾಗಿಯೂ ಮಾಡಿದರೆ ದೊರೆಯುವುದು ಮೊದಲನೆಯದು. ಇನ್ನೊಬ್ಬರು ಅದನ್ನು ಮನೆಗೊಯ್ದು ಮಲಗುವುದಕ್ಕೋ ಬರೆಯುವುದಕ್ಕೋ ಇಟ್ಟುಕೊಳ್ಳಲು ಕೊಡುವುದು ಎರಡನೆಯದು. ಅದು ಯಾವ ಕಾಲದ್ದು, ಯಾರ ಕೈಯ ಕೆಲಸ, ಅಂಥದು ಬೇರೆಡೆಯಲ್ಲಿ ಎಷ್ಟು ಉಳಿದಿದೆ ಎಂಬುದನ್ನು ನೋಡಿ ಸಂಗ್ರಹಕಾರರು ಕೊಡುವುದು ಮೂರನೆಯದು. ಇವುಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ಹತ್ತರಷ್ಟೋ ನೂರರಷ್ಟೋ ಅಂತರವಿರಬಹುದು. “ಇದರ ಬೆಲೆಯೆಷ್ಟು?” ಎಂದು ಕೇಳುವುದಕ್ಕಿಂತ ಮುಂಚೆ “ಇದು ಈ ಮೂರರಲ್ಲಿ ಯಾವ ಬೆಲೆಗೆ ಸೇರಿದ್ದು?” ಎಂದು ಕೇಳಿಕೊಳ್ಳಬೇಕು. ಈ ಎರಡನೆಯ ಪ್ರಶ್ನೆಗೆ ಉತ್ತರವನ್ನು ಹುಡುಕುವ ಕೆಲಸದ ಬಹುಭಾಗವನ್ನು ಮನೆಯಲ್ಲಿಯೇ, ಒಂದು ದೀಪ, ಒಂದು ಅಳತೆಯ ಪಟ್ಟಿ, ಒಂದು ಒದ್ದೆಬಟ್ಟೆ ಇವುಗಳಿಂದ ಮಾಡಬಹುದು.

ಮರದ ಬೆಲೆಯಿಂದ ಪ್ರಾರಂಭಿಸೋಣ. ಸಾಮಾನಿನ ಮುಂಭಾಗವನ್ನು ನೋಡಿ ಮರವನ್ನು ನಿಶ್ಚಯಿಸಲಾಗದು. ಅಲ್ಲಿ ಬಣ್ಣವೂ ಪಾಲಿಷೂ ಇರುತ್ತವೆ. ಹಲಸಿಗೆ ಬಣ್ಣ ಹಾಕಿ ಬೀಟೆಯಂತೆ ಕಾಣಿಸುವುದು ಹಳೆಯ ವಿದ್ಯೆ. ಆದ್ದರಿಂದ ಮೇಜನ್ನು ಮಗುಚಿಹಾಕಿ ಅಡಿಭಾಗವನ್ನು ನೋಡಬೇಕು; ಸೆಳೆಪೆಟ್ಟಿಗೆಯನ್ನು ಹೊರಕ್ಕೆ ತೆಗೆದು ಅದರ ಹಿಂಬದಿಯನ್ನು ನೋಡಬೇಕು; ಬೀರುವನ್ನು ಗೋಡೆಯಿಂದ ಸರಿಸಿ ಬೆನ್ನಿನ ಹಲಗೆಯನ್ನು ನೋಡಬೇಕು. ಧೂಳನ್ನು ಒದ್ದೆಬಟ್ಟೆಯಿಂದ ಒರಸಿದೊಡನೆಯೇ ಮರದ ನಿಜವಾದ ಬಣ್ಣವು ಕ್ಷಣಕಾಲ ಎದ್ದು ತೋರುತ್ತದೆ. ತೇಗವಾದರೆ ಹೊಂಬಣ್ಣದಿಂದ ಕಂದುಬಣ್ಣಕ್ಕೆ ತಿರುಗಿ, ಮುಟ್ಟಿದರೆ ಎಣ್ಣೆಯ ಜಿಡ್ಡಿನಂತೆ ತೋರುತ್ತದೆ. ಬೀಟೆಯಾದರೆ ನೇರಳೆ ಬೆರೆದ ಕಂದುಬಣ್ಣ, ನಡುನಡುವೆ ಕಪ್ಪುಗೆರೆಗಳು. ಹಲಸು ಹೊಸದರಲ್ಲಿ ಹಳದಿಯಾಗಿದ್ದು ವರ್ಷಗಳು ಕಳೆದಂತೆ ಕಂದಾಗುತ್ತದೆ. ಹೊನ್ನೆಯ ಚೂರನ್ನು ನೀರಿನಲ್ಲಿ ನೆನೆಯಿಟ್ಟರೆ ನೀರಿಗೆ ಬಣ್ಣವು ಇಳಿಯುತ್ತದೆ. ತೂಕವೂ ಒಂದು ಗುರುತು. ಒಣಗಿದ ತೇಗವು ಘನ ಅಡಿಗೆ ಸುಮಾರು ೧೮ ಕಿಲೋಗ್ರಾಂ ತೂಗಿದರೆ ಬೀಟೆಯು ೨೩ ಅಥವಾ ೨೪ ಕಿಲೋಗ್ರಾಂ ತೂಗುತ್ತದೆ.

ಇಲ್ಲಿ ಒಂದು ಲೆಕ್ಕವನ್ನು ಮಾಡಿ ತೋರಿಸುತ್ತೇವೆ. ಐದು ಅಡಿ ಉದ್ದ, ಮೂರು ಅಡಿ ಅಗಲ, ಒಂದು ಇಂಚು ದಪ್ಪದ ಮೇಲ್ಹಲಗೆಯುಳ್ಳ ಮೇಜೊಂದಿದೆಯೆಂದು ಭಾವಿಸೋಣ. ಆ ಹಲಗೆಯಲ್ಲಿರುವ ಮರವು ೧¼ ಘನ ಅಡಿ. ಮೂರಿಂಚು ಚದರದ, ಎರಡೂವರೆ ಅಡಿ ಎತ್ತರದ ನಾಲ್ಕು ಕಾಲುಗಳಲ್ಲಿ ೫/೮ ಘನ ಅಡಿ. ನಾಲ್ಕಿಂಚು ಅಗಲ, ಒಂದಿಂಚು ದಪ್ಪದ ಸುತ್ತುಪಟ್ಟಿಗಳು ಒಟ್ಟು ೧೪ ಅಡಿ ಉದ್ದವಿದ್ದರೆ ಅವುಗಳಲ್ಲಿ ಹೆಚ್ಚುಕಡಮೆ ೩/೮ ಘನ ಅಡಿ. ಎಲ್ಲವೂ ಸೇರಿ ಎರಡೂಕಾಲು ಘನ ಅಡಿಯಾಯಿತು. ಈ ಮೇಜು ತೇಗದ್ದಾದರೆ ೪೦ ಕಿಲೋಗ್ರಾಂ ಆಸುಪಾಸಿನಲ್ಲಿರಬೇಕು; ಬೀಟೆಯದಾದರೆ ೫೦ಕ್ಕೆ ಮೀರಿರಬೇಕು. ಇನ್ನು ಊರಿನ ಮರದ ಡಿಪೋಗೆ ಹೋಗಿ, ಇಂಥ ಜಾತಿಯ ಹಳೆಯ ಮರವನ್ನು ಘನ ಅಡಿಗೆ ಏನು ಕೊಟ್ಟು ಕೊಳ್ಳುತ್ತೀರಿ ಎಂದು ಕೇಳಿದರೆ, ಆ ದರವನ್ನು ಎರಡೂಕಾಲರಿಂದ ಗುಣಿಸಬಹುದು. ಕೀಲಿನ ತೂತುಗಳಿಗೂ ಮೊಳೆ ಹೊಡೆದ ಕಡೆಗಳಿಗೂ ಸ್ವಲ್ಪ ಕಳೆಯಬೇಕು. ಉಳಿದದ್ದೇ ಆ ಮೇಜಿನ ಕನಿಷ್ಠ ಬೆಲೆ. ಇದಕ್ಕಿಂತ ಕಡಮೆಗೆ ಕೇಳಿದವನಿಗೆ ಉತ್ತರವನ್ನೇ ಕೊಡಬೇಕಾಗಿಲ್ಲ. ಈ ಒಂದು ಲೆಕ್ಕವನ್ನು ಕೈಯಲ್ಲಿಟ್ಟುಕೊಂಡಿರುವ ಗೃಹಿಣಿಯ ಮುಂದೆ ವ್ಯಾಪಾರಿಯ ಮಾತಿನ ವರಸೆಯೇ ಬದಲಾಗುತ್ತದೆ.

ಎರಡನೆಯದು ಉಪಯೋಗದ ಬೆಲೆ. ಇದರಲ್ಲಿ ಭಾವನೆಗೆ ಎಡೆಯಿಲ್ಲ. ಮಂಚದ ಕಾಲು ಅಲುಗುತ್ತದೆಯೇ, ಬೀರುವಿನ ಬಾಗಿಲು ಮುಚ್ಚುತ್ತದೆಯೇ, ಕುರ್ಚಿಯ ಬೆತ್ತವು ಹರಿದಿದೆಯೇ ಎಂಬುದನ್ನು ಕೊಳ್ಳುವವನು ನೋಡುವ ಕಣ್ಣಿನಿಂದಲೇ ನಾವೂ ನೋಡಬೇಕು. ಬೆತ್ತ ಹರಿದಿರುವುದು ದೊಡ್ಡ ದೋಷವಲ್ಲ. ಹೆಣೆಯುವವರು ಇನ್ನೂ ಇದ್ದಾರೆ. ಕೀಲು ಸಡಿಲವಾಗಿರುವುದೂ ದೋಷವಲ್ಲ. ಬಡಗಿಯು ಅರ್ಧ ದಿನದಲ್ಲಿ ಸರಿಮಾಡುತ್ತಾನೆ. ಆದರೆ ಹುಳು ಹಿಡಿದಿರುವುದು ಬೇರೆಯ ಮಾತು. ಸೂಜಿಯ ಮೊನೆಯಷ್ಟು ತೂತುಗಳ ಕೆಳಗೆ ನೆಲದ ಮೇಲೆ ಹೊಸ ಹಿಟ್ಟು ಉದುರಿದ್ದರೆ ಹುಳುವು ಒಳಗೆ ಜೀವಂತವಾಗಿದೆಯೆಂದರ್ಥ. ಹಿಟ್ಟಿಲ್ಲದೆ, ತೂತುಗಳು ಕಪ್ಪಾಗಿ ಧೂಳು ತುಂಬಿದ್ದರೆ ಅದು ಹಳೆಯ ಕಾಟ, ತೀರಿಹೋದದ್ದು. ತೇಗದ ಚೇಗನ್ನು ಗೆದ್ದಲು ಸುಲಭವಾಗಿ ಮುಟ್ಟದು. ಆದರೆ ಅದೇ ಮರದ ಹೊರಮೈಯ ಬಿಳಿಭಾಗವನ್ನು ಬಿಡದು. ಬೆರಳ ಗೆಣ್ಣಿನಿಂದ ತಟ್ಟಿ ನೋಡಿದರೆ ಪೊಳ್ಳಾದ ಕಡೆಯಲ್ಲಿ ಶಬ್ದವೇ ಬೇರೆಯಾಗಿರುತ್ತದೆ.

ಉಪಯೋಗದ ಬೆಲೆಗೆ ಇನ್ನೊಂದು ದೊಡ್ಡ ತಡೆಯೆಂದರೆ ಗಾತ್ರ. ಹಿಂದಿನವರ ಹಜಾರಗಳಿಗಾಗಿ ಮಾಡಿದ ಎಂಟು ಅಡಿ ಎತ್ತರದ ಬೀರುವು ಈಗಿನ ಮಹಡಿಮನೆಯ ಮೆಟ್ಟಲಿನಲ್ಲಿ ತಿರುಗಲಾರದು, ಏರುಯಂತ್ರದೊಳಗೆ ಹಿಡಿಸಲಾರದು. ಕಳಚಿ ಜೋಡಿಸಬಹುದಾದ ಮಂಚಕ್ಕೆ ಗಿರಾಕಿಗಳಿದ್ದಾರೆ. ಒಂದೇ ಅಂಗವಾಗಿ ಕಟ್ಟಿದ ಮಂಚಕ್ಕೆ ಇಲ್ಲ. ಭತ್ತ ತುಂಬುವ ಪತ್ತಾಯವು ಎಷ್ಟೇ ಒಳ್ಳೆಯ ಮರದ್ದಾಗಿದ್ದರೂ ಪಟ್ಟಣದಲ್ಲಿ ಅದನ್ನಿಡಲು ಜಾಗವಿರುವವರು ವಿರಳ. ಅದರ ಬೆಲೆಯು ಮರದ ಬೆಲೆಗೇ ಇಳಿಯುತ್ತದೆ. ಉದ್ದ ಕೈಗಳುಳ್ಳ ಬೆತ್ತದ ಆರಾಮಕುರ್ಚಿಯನ್ನಾದರೋ ಕೊಡಗಿನಿಂದ ಬೆಂಗಳೂರಿನವರೆಗೆ ಎಲ್ಲರೂ ಬಯಸುತ್ತಾರೆ. ಅಭಿರುಚಿಯು ತಿರುಗಿದರೆ ಬೆಲೆಯೂ ತಿರುಗುತ್ತದೆ. ಇಂಗ್ಲೆಂಡಿನಲ್ಲಿ ವಿಕ್ಟೋರಿಯಾ ರಾಣಿಯ ಕಾಲದ ಮಹಾಗನಿ ಮೇಜು ಬೀರುಗಳು ಇಪ್ಪತ್ತನೆಯ ಶತಮಾನದ ಕೊನೆಯವರೆಗೂ ಒಳ್ಳೆಯ ಬೆಲೆಗೆ ಹೋಗುತ್ತಿದ್ದುವು. ಆಮೇಲೆ ಚಿಕ್ಕ ಮನೆಗಳೂ ಹಗುರವಾದ ಸಾಮಾನುಗಳೂ ಬಂದು, ಅವೇ ಸಾಮಾನುಗಳು ಹರಾಜಿನಲ್ಲಿ ಹಿಂದಿನ ಬೆಲೆಯ ಅಲ್ಪಭಾಗವನ್ನು ಮಾತ್ರ ತರುವಂತಾಯಿತು. ಮರವು ಕೆಡಲಿಲ್ಲ, ಕೆಲಸವು ಕೆಡಲಿಲ್ಲ, ಬೇಡುವವರು ಕಡಮೆಯಾದರು. ಹಳೆಯದೆಲ್ಲವೂ ವರ್ಷವರ್ಷಕ್ಕೆ ಬೆಲೆಯೇರುತ್ತದೆಂದು ನಂಬಿ ಕೂತವರು ಇದನ್ನು ನೆನೆಯುವುದು ಒಳ್ಳೆಯದು.

ಮೂರನೆಯದಾದ ಅಪೂರ್ವತೆಯ ಬೆಲೆಯಲ್ಲಿ ಮೋಸಹೋಗುವುದಕ್ಕೂ ಮೋಸಮಾಡುವುದಕ್ಕೂ ಹೆಚ್ಚು ಅವಕಾಶ. “ನಮ್ಮ ಮುತ್ತಜ್ಜನ ಕಾಲದ್ದು” ಎಂಬ ಮಾತನ್ನು ಎಲ್ಲ ಮನೆಗಳಲ್ಲಿಯೂ ಕೇಳುತ್ತೇವೆ. ಮಾತಿಗಿಂತ ಮರವು ಹೇಳುವ ಸಾಕ್ಷ್ಯವು ಗಟ್ಟಿ. ಸೆಳೆಪೆಟ್ಟಿಗೆಯ ಮೂಲೆಯನ್ನು ನೋಡಿರಿ. ಎರಡು ಹಲಗೆಗಳ ಅಂಚುಗಳನ್ನು ಬೆಣೆಯಾಕಾರದ ಹಲ್ಲುಗಳಾಗಿ ಕೊರೆದು ಒಂದರೊಳಗೊಂದು ಸೇರಿಸಿರುವರಷ್ಟೆ. ಆ ಹಲ್ಲುಗಳು ಒಂದು ಸಣ್ಣದು ಒಂದು ದೊಡ್ಡದಾಗಿ ಸ್ವಲ್ಪ ಅಸಮವಾಗಿದ್ದರೆ ಅದು ಕೈಯ ಕೆಲಸ. ಎಲ್ಲವೂ ಅಚ್ಚಿನಲ್ಲಿ ಹೊಯ್ದಂತೆ ಸಮವಾಗಿದ್ದರೆ ಯಂತ್ರದ ಕೆಲಸ. ತಿರುಪುಮೊಳೆಯೊಂದನ್ನು ಮೆಲ್ಲನೆ ಬಿಚ್ಚಿ ನೋಡಿರಿ. ಹತ್ತೊಂಬತ್ತನೆಯ ಶತಮಾನದ ನಡುಭಾಗಕ್ಕೆ ಮುಂಚಿನ ತಿರುಪುಮೊಳೆಗಳ ತುದಿಯು ಮೊಂಡಾಗಿರುತ್ತಿತ್ತು. ಚೂಪು ತುದಿಯದು ಆಮೇಲೆ ಬಂದದ್ದು. ತಲೆಯ ಮೇಲೆ ಕೂಡುಗುರುತಿನಂತೆ ಸೀಳುಳ್ಳ ತಿರುಪುಮೊಳೆಯು ೧೯೩೦ರ ದಶಕಕ್ಕಿಂತ ಹಿಂದಿನದಾಗಲಾರದು. ಬೆನ್ನಿಗೋ ಸೆಳೆಪೆಟ್ಟಿಗೆಯ ತಳಕ್ಕೋ ಪ್ಲೈವುಡ್ ಹಾಕಿದ್ದರೆ, ಒಂದೋ ಆ ಸಾಮಾನು ಇಪ್ಪತ್ತನೆಯ ಶತಮಾನದ್ದು, ಇಲ್ಲವೇ ಆ ಭಾಗವನ್ನು ಆಮೇಲೆ ಬದಲಾಯಿಸಿದೆ.

ಈ ಗುರುತುಗಳಲ್ಲಿ ಒಂದನ್ನೇ ನಂಬಿ ತೀರ್ಮಾನಿಸಬಾರದು. ನಮ್ಮ ದೇಶದಲ್ಲಿ ಕೈಗರಗಸದಿಂದ ದಿಮ್ಮಿ ಕೊಯ್ಯುವುದೂ ಕೈಯಿಂದ ಕೀಲು ಕೊರೆಯುವುದೂ ಇಪ್ಪತ್ತನೆಯ ಶತಮಾನದಲ್ಲಿಯೂ ಬಹುಕಾಲ ನಡೆದುಬಂದುವು. ಇಂಗ್ಲಿಷ್ ಪುಸ್ತಕಗಳಲ್ಲಿ ನೂರೈವತ್ತು ವರ್ಷದ ಗುರುತೆಂದು ಹೇಳಿರುವುದು ಇಲ್ಲಿ ಎಪ್ಪತ್ತು ವರ್ಷದ ಸಾಮಾನಿನಲ್ಲಿಯೂ ಸಿಕ್ಕಬಹುದು. ಹೀಗಿರುವಲ್ಲಿ ಸವೆತವನ್ನೂ ಸೇರಿಸಿ ನೋಡಬೇಕು. ನಿಜವಾದ ಸವೆತವು ಕೈಯೂ ಕಾಲೂ ತಾಗುವ ಕಡೆಯಲ್ಲಿಯೇ ಇರುತ್ತದೆ: ಕುರ್ಚಿಯ ಕೈಯ ತುದಿ, ಮೇಜಿನ ಕೆಳಪಟ್ಟಿಯಲ್ಲಿ ಪಾದವಿಡುವ ಜಾಗ, ಸೆಳೆಪೆಟ್ಟಿಗೆ ಜಾರುವ ಅಂಚು. ಎಲ್ಲೆಡೆಯೂ ಸಮನಾಗಿ ಸವೆದಿದ್ದರೆ ಸವೆಸಿದವನು ವ್ಯಾಪಾರಿಯೆಂದು ಸಂಶಯಪಡಬಹುದು. ಮರವು ಎಳೆಯ ಉದ್ದಕ್ಕೆ ಹೆಚ್ಚಾಗಿ ಕುಗ್ಗದು, ಅಡ್ಡಕ್ಕೆ ಕುಗ್ಗುತ್ತದೆ. ಆದ್ದರಿಂದ ಬಹುಕಾಲದ ದುಂಡುಮೇಜನ್ನು ಎರಡು ದಿಕ್ಕಿನಲ್ಲಿ ಅಳೆದರೆ ಸ್ವಲ್ಪವಾದರೂ ವ್ಯತ್ಯಾಸವು ತೋರುವುದುಂಟು. ಒಂದು ಸಾಮಾನಿನ ಕಾಲಿಗೆ ಇನ್ನೊಂದರ ಮೇಲ್ಹಲಗೆಯನ್ನು ಕೂಡಿಸಿದ್ದರೆ ಎರಡರ ಬಣ್ಣವೂ ಎಳೆಯೂ ಬೇರೆಯಾಗಿರುತ್ತವೆ. ಹಲಗೆಯ ಅಡಿಯಲ್ಲಿ ಅರ್ಥವಿಲ್ಲದ ಹಳೆಯ ತೂತುಗಳು ಕಾಣುತ್ತವೆ. ಅಂಥದಕ್ಕೆ ಅಪೂರ್ವತೆಯ ಬೆಲೆಯು ಸಲ್ಲದು.

ಕೆಲವು ವೇಳೆ ಸಾಮಾನೇ ತನ್ನ ಹೆಸರನ್ನು ಹೇಳಿಕೊಳ್ಳುತ್ತದೆ. ಆವಿಯಲ್ಲಿ ಬಗ್ಗಿಸಿದ ಕೋಲುಗಳಿಂದ ಮಾಡಿದ, ದುಂಡನೆಯ ಬೆತ್ತದ ಪೀಠದ ಹಗುರವಾದ ಕುರ್ಚಿಗಳನ್ನು ಹಳೆಯ ಹೋಟೆಲುಗಳಲ್ಲಿಯೂ ಮುಂಬಯಿಯ ಇರಾನಿಯವರ ಉಪಾಹಾರ ಮಂದಿರಗಳಲ್ಲಿಯೂ ನೋಡಿರುವವರು ಬಹುಮಂದಿ. ಅದರ ಮೂಲರೂಪವು ವಿಯೆನ್ನಾದ ಮೈಕೇಲ್ ಥೋನೆಟ್ ಎಂಬಾತನು ೧೮೫೯ರಲ್ಲಿ ಹೊರತಂದ ೧೪ನೆಯ ನಂಬರಿನ ಕುರ್ಚಿ. ಆರು ತುಂಡು ಮರ, ಕೆಲವು ತಿರುಪುಮೊಳೆ, ಇಷ್ಟೇ ಅದರ ಸಾಮಗ್ರಿ. ಕಳಚಿದ ೩೬ ಕುರ್ಚಿಗಳು ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ ಹಿಡಿಸಿ ಹಡಗಿನಲ್ಲಿ ದೇಶದೇಶಗಳಿಗೆ ಹೋಗುತ್ತಿದ್ದುವು. ಇದನ್ನು ಅನುಕರಿಸಿದ ಕಾರ್ಖಾನೆಗಳು ಅನೇಕ. ಆದ್ದರಿಂದ ಪೀಠದ ಚೌಕಟ್ಟಿನ ಒಳಅಂಚಿನಲ್ಲಿ ಅಂಟಿಸಿದ ಕಾಗದದ ಚೀಟಿಯೋ ಒತ್ತಿದ ಮುದ್ರೆಯೋ ಇದೆಯೇ ಎಂದು ನೋಡುವುದು ಅವಶ್ಯ. ಆ ಚೀಟಿಯನ್ನು ಗಲೀಜೆಂದು ತಿಳಿದು ಕೆರೆದುಹಾಕಿದವರು ಬೆಲೆಯನ್ನೂ ಕೆರೆದುಹಾಕಿದಂತೆಯೇ.

ಬೆಲೆಯು ವಯಸ್ಸಿನಿಂದಲೇ ಬರುವುದೆಂದು ತಿಳಿದಿರುವವರಿಗಾಗಿ ಚಂಡೀಗಢದ ವೃತ್ತಾಂತವನ್ನು ಹೇಳಬೇಕು. ಆ ನಗರವನ್ನು ಕಟ್ಟುವ ಕಾಲದಲ್ಲಿ, ಅದರ ನಕ್ಷೆಯನ್ನು ಮಾಡಿದ ಲ ಕಾರ್ಬೂಸಿಯೇ ಅವರ ಜ್ಞಾತಿಯಾದ ಪಿಯರ್ ಜಾನೆರೇ ಎಂಬವರು ೧೯೫೧ರಿಂದ ೧೯೬೫ರವರೆಗೆ ಅಲ್ಲಿಯೇ ನೆಲೆಸಿ ಕೆಲಸಮಾಡಿದರು. ಕಚೇರಿಗಳಿಗೂ ನ್ಯಾಯಸ್ಥಾನಕ್ಕೂ ವಿಶ್ವವಿದ್ಯಾನಿಲಯಕ್ಕೂ ಬೇಕಾದ ಕುರ್ಚಿ ಮೇಜುಗಳನ್ನು ತೇಗದಿಂದಲೂ ಬೆತ್ತದಿಂದಲೂ, ಅಲ್ಲಿಯ ಬಡಗಿಗಳ ಕೈಯಿಂದಲೇ ಮಾಡಿಸುವಂತೆ ಸರಳವಾದ ರೂಪಗಳನ್ನು ಕಲ್ಪಿಸಿಕೊಟ್ಟರು. ಕಾಲಾಂತರದಲ್ಲಿ ಅವುಗಳ ಬೆತ್ತವು ಹರಿಯಿತು, ಕಾಲು ಮುರಿಯಿತು. ಗುಮಾಸ್ತರು ಕೂರುವ ಕುರ್ಚಿಗೆ ಯಾರು ಗೌರವ ಕೊಟ್ಟಾರು? ಮಾಳಿಗೆಗಳ ಮೇಲೆ ರಾಶಿ ಹಾಕಿ, ಆಮೇಲೆ ಹಳೆಯ ಸಾಮಾನಿನ ಸರ್ಕಾರೀ ಹರಾಜುಗಳಲ್ಲಿ ಸೌದೆಯ ಬೆಲೆಗೆ ಕೂಗಿ ಕೊಟ್ಟರು. ಯೂರೋಪಿನಿಂದ ಬಂದ ಕೆಲವು ವ್ಯಾಪಾರಿಗಳು ಅವನ್ನು ಕೊಂಡು, ದುರಸ್ತುಮಾಡಿ, ಪ್ಯಾರಿಸ್, ಲಂಡನ್, ನ್ಯೂಯಾರ್ಕ್ ನಗರಗಳ ಹರಾಜುಶಾಲೆಗಳಲ್ಲಿ ಸಾವಿರಾರು ಡಾಲರುಗಳಿಗೆ ಮಾರಿದರು. ೨೦೧೧ರಲ್ಲಿ ಕೇಂದ್ರಸರ್ಕಾರದ ಗೃಹಖಾತೆಯು ಇಂಥ ಸಾಮಾನುಗಳನ್ನು ಮಾರಬಾರದು, ಹೊರದೇಶಕ್ಕೆ ಕಳುಹಿಸಬಾರದು ಎಂದು ಆಜ್ಞೆ ಮಾಡಿತು. ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಮುಚ್ಚಿದಂತಾಯಿತು.

ಈ ವೃತ್ತಾಂತದಲ್ಲಿ ಎರಡು ಪಾಠಗಳಿವೆ. ಆ ಕುರ್ಚಿಗಳಿಗೆ ಅರುವತ್ತು ವರ್ಷವೂ ತುಂಬಿರಲಿಲ್ಲ, ಮರವೂ ಅಪೂರ್ವವಾದುದಲ್ಲ. ಬೆಲೆ ಬಂದುದು ಕಲ್ಪಿಸಿದವರ ಹೆಸರಿನಿಂದ, ಮತ್ತು ಯಾವ ಕಟ್ಟಡದ ಯಾವ ಕೋಣೆಗೆ ಸೇರಿದ್ದೆಂದು ಮೈಮೇಲೆ ಬಣ್ಣದಲ್ಲಿ ಬರೆದಿದ್ದ ಅಕ್ಷರಗಳಿಂದ. ಆದುದರಿಂದ ನಮ್ಮ ಮನೆಗಳ ಸಾಮಾನಿನ ಮೇಲೆಯೂ ಹಳೆಯ ಬರಹ, ಅಂಗಡಿಯ ಚೀಟಿ, ಮುದ್ರೆ, ನಂಬರು ಏನಿದ್ದರೂ ಅಳಿಸಬಾರದು. ಹಳೆಯ ರಸೀದಿಯೋ, ಅಜ್ಜನು ಅದರ ಮೇಲೆ ಕುಳಿತಿರುವ ಭಾವಚಿತ್ರವೋ ಇದ್ದರೆ ಸಾಮಾನಿನೊಡನೆ ಇಟ್ಟಿರಬೇಕು. ಎರಡನೆಯ ಪಾಠವೆಂದರೆ, ದಿನವೂ ನೋಡುವ ವಸ್ತುವನ್ನು ನಾವು ನೋಡುವುದೇ ಇಲ್ಲ ಎಂಬುದು. ಹಿತ್ತಲ ಗಿಡ ಮದ್ದಲ್ಲವೆಂದು ನಮ್ಮವರು ಹೇಳಿದ್ದು ಇದನ್ನೇ.

ಇನ್ನು ಮೈಸೂರಿನವರಿಗೆ ವಿಶೇಷವಾಗಿ ಸಂಬಂಧಿಸಿದ ಮಾತಿಗೆ ಬರೋಣ. ಬೀಟೆಯ ಮೇಲೆ ಬಿಳಿಯ ಹೂಬಳ್ಳಿಗಳನ್ನು ಕೊರೆದು ಕೂಡಿಸುವ ಕೆತ್ತುಗೂಡಿಕೆಯ ಕೆಲಸಕ್ಕೆ ಈ ಊರು ಪ್ರಸಿದ್ಧವಾದುದು. ೧೮೯೭ರಲ್ಲಿ ಹಳೆಯ ಅರಮನೆಯು ಬೆಂಕಿಗೆ ಆಹುತಿಯಾಗಿ, ೧೯೧೨ರಲ್ಲಿ ಪೂರ್ತಿಯಾದ ಹೊಸ ಅರಮನೆಯ ಅಂಬಾವಿಲಾಸದ ಬಾಗಿಲುಗಳಲ್ಲಿ ಈ ಕೆಲಸದ ಸೊಬಗನ್ನು ಇಂದಿಗೂ ನೋಡಬಹುದು. ಅದೇ ಕುಶಲಿಗಳ ಪರಂಪರೆಯವರು ಮಾಡಿದ ಮೇಜು, ಪೆಟ್ಟಿಗೆ, ಮಡಿಚುವ ಪರದೆಗಳು ಅನೇಕ ಮನೆಗಳಲ್ಲಿವೆ. ಇವುಗಳಲ್ಲಿ ಹಳೆಯವಕ್ಕೆ ಬಿಳಿಯ ಭಾಗವು ಆನೆಯ ದಂತ, ಈಚಿನವಕ್ಕೆ ಪ್ಲಾಸ್ಟಿಕ್ಕು. ಪ್ಲಾಸ್ಟಿಕ್ಕಿನ ಬಿಳುಪು ಎಲ್ಲೆಡೆಯೂ ಒಂದೇ ಸಮ. ದಂತವು ಹಳದಿಗೆ ತಿರುಗಿರುತ್ತದೆ. ಅಡ್ಡಲಾಗಿ ಕೊಯ್ದ ಮುಖವಿದ್ದರೆ ಒಂದನ್ನೊಂದು ಹಾಯುವ ಸೂಕ್ಷ್ಮವಾದ ಗೆರೆಗಳು ಭೂತಗನ್ನಡಿಯಲ್ಲಿ ಕಾಣುತ್ತವೆ.

ದಂತವಿದ್ದರೆ ಬೆಲೆ ಹೆಚ್ಚೆಂದು ಹಿಗ್ಗುವುದಕ್ಕೆ ಕಾರಣವಿಲ್ಲ. ೧೯೭೨ರ ವನ್ಯಜೀವಿ ಸಂರಕ್ಷಣೆಯ ಶಾಸನಕ್ಕೆ ೧೯೮೬ರಲ್ಲಿ ಮಾಡಿದ ತಿದ್ದುಪಡಿಯು ನಮ್ಮ ದೇಶದ ಆನೆಯ ದಂತದ ವ್ಯಾಪಾರವನ್ನೂ, ೧೯೯೧ರ ತಿದ್ದುಪಡಿಯು ಆಫ್ರಿಕದಿಂದ ತರಿಸಿದ ದಂತದ ವ್ಯಾಪಾರವನ್ನೂ ನಿಲ್ಲಿಸಿದುವು. ಅಜ್ಜನ ಕಾಲದ್ದೆಂದರೂ, ಒಂದು ಹೂವಿನ ದಳದಷ್ಟೇ ಎಂದರೂ, ದಂತ ಕೂಡಿಸಿದ ಸಾಮಾನನ್ನು ಮಾರುವುದು ಅಪರಾಧ. ಗುಟ್ಟಾಗಿ ಕೊಳ್ಳುತ್ತೇನೆಂದು ಬರುವವನ ಮಾತಿಗೆ ಮರುಳಾದವರು ಹಣಕ್ಕೆ ಬದಲಾಗಿ ಮೊಕದ್ದಮೆಯನ್ನು ಪಡೆದಾರು. ಮನೆಯಲ್ಲಿ ಅಂಥದಿದ್ದರೆ ಅರಣ್ಯ ಇಲಾಖೆಯ ಒಡೆತನದ ಪ್ರಮಾಣಪತ್ರವು ಇದೆಯೇ ಎಂಬುದನ್ನು ಮೊದಲು ವಿಚಾರಿಸತಕ್ಕದ್ದು.

ಇನ್ನೊಂದು ಶಾಸನವು ೧೯೭೨ರ ಪ್ರಾಚೀನವಸ್ತುಗಳ ಶಾಸನ; ೧೯೭೬ರ ಏಪ್ರಿಲ್ ೫ರಿಂದ ಜಾರಿಗೆ ಬಂದದ್ದು. ನೂರು ವರ್ಷಕ್ಕೆ ಕಡಮೆಯಿಲ್ಲದ ಕುಶಲಕೆಲಸದ ವಸ್ತುಗಳು ಇದರ ಕಟ್ಟಿಗೆ ಒಳಪಡುತ್ತವೆ. ಅಂಥವನ್ನು ಮಾರುವುದನ್ನೇ ಕಸಬಾಗಿ ನಡೆಸುವವನು ಲೈಸೆನ್ಸು ಪಡೆದಿರಬೇಕು. ಖಾಸಗಿಯವರು ಅವನ್ನು ಹೊರದೇಶಕ್ಕೆ ಕಳುಹಿಸುವಂತಿಲ್ಲ. ವಸ್ತುವಿನ ವಯಸ್ಸಿನಲ್ಲಿ ಸಂಶಯವಿದ್ದರೆ ಪ್ರಾಚ್ಯವಸ್ತು ಇಲಾಖೆಯವರು ಪರೀಕ್ಷಿಸಿ, ಪ್ರಾಚೀನವಸ್ತುವಲ್ಲವೆಂದು ಪ್ರಮಾಣಪತ್ರವನ್ನು ಕೊಡುತ್ತಾರೆ. ಬೀಟೆಯ ಜಾತಿಯ ಮರಗಳೆಲ್ಲವೂ ೨೦೧೭ರ ಜನವರಿಯಿಂದ ಅಂತರರಾಷ್ಟ್ರೀಯ ಒಪ್ಪಂದದ ನಿಬಂಧನೆಗೆ ಸೇರಿರುವುದರಿಂದ, ವಿದೇಶದಲ್ಲಿರುವ ಮಗನ ಮನೆಗೆ ಬೀಟೆಯ ಮೇಜನ್ನು ಕಳುಹಿಸಬೇಕೆನ್ನುವವರೂ ಕಾಗದಪತ್ರಗಳನ್ನು ಮೊದಲೇ ವಿಚಾರಿಸಬೇಕು.

ಇಷ್ಟನ್ನು ತಿಳಿದ ಮೇಲೆ ಮಾಡಬಾರದ ಕೆಲಸವೊಂದನ್ನು ಹೇಳುತ್ತೇವೆ. ಮಾರುವುದಕ್ಕೆ ಮುಂಚೆ ಚೆನ್ನಾಗಿ ಕಾಣಲಿ ಎಂದು ಹಳೆಯ ಮೈಯನ್ನು ಕೆರೆದು ಹೊಸ ವಾರ್ನಿಷನ್ನು ಬಳಿಸುವುದು ಬಹುಮಂದಿಯ ಅಭ್ಯಾಸ. ಹಿಂದಿನ ಪಾಲಿಷು ಅರಗನ್ನು ಸ್ಪಿರಿಟಿನಲ್ಲಿ ಕರಗಿಸಿ ಬಟ್ಟೆಯಿಂದ ಉಜ್ಜಿ ಉಜ್ಜಿ ಏರಿಸಿದ್ದು. ವರ್ಷಗಳ ಒರಸುವಿಕೆಯಿಂದ ಅದಕ್ಕೆ ಬಂದಿರುವ ಒಳಹೊಳಪನ್ನು ಯಾವ ವಾರ್ನಿಷೂ ಕೊಡಲಾರದು. ಉಪಯೋಗದ ಬೆಲೆಯ ಸಾಮಾನಾದರೆ ಹೊಸ ಪಾಲಿಷಿನಿಂದ ನಾಲ್ಕು ಕಾಸು ಹೆಚ್ಚಾಗಬಹುದು. ಅಪೂರ್ವತೆಯ ಬೆಲೆಯದಾದರೆ ಅದೇ ಪಾಲಿಷಿನಿಂದ ಬೆಲೆಯು ಅರ್ಧಕ್ಕೆ ಇಳಿಯಬಹುದು. ಯಾವುದೆಂದು ತಿಳಿಯುವವರೆಗೆ ಒಣಬಟ್ಟೆಯಿಂದ ಧೂಳು ಒರಸುವುದಕ್ಕಿಂತ ಹೆಚ್ಚಿನದನ್ನು ಮಾಡದಿರುವುದೇ ಮೇಲು. ಹಿತ್ತಾಳೆಯ ಹಿಡಿಗಳನ್ನೂ ಹಳೆಯ ಬೀಗಗಳನ್ನೂ ತೆಗೆದು ಹೊಸದನ್ನು ಹಾಕಿಸಬಾರದು.

ಆಮೇಲೆ ಬೆಲೆಯನ್ನು ವಿಚಾರಿಸುವ ಕ್ರಮ. ಎಲ್ಲ ಸಾಮಾನುಗಳ ಒಂದು ಪಟ್ಟಿಯನ್ನು ಬರೆದು, ಒಂದೊಂದರ ಮುಂದೆ ಅಳತೆ, ಮರ, ದೋಷ, ಗುರುತುಗಳನ್ನು ಕಾಣಿಸಿ, ಮುಂದಿನದು, ಹಿಂಬದಿಯದು, ಅಡಿಯದು ಎಂದು ಮೂರು ಛಾಯಾಚಿತ್ರಗಳನ್ನು ತೆಗೆಯಿಸಬೇಕು. ಮರದ ವಿಷಯವನ್ನು ನಂಬಿಕೆಯ ಬಡಗಿಯಿಂದ ಕೇಳಬೇಕು. ಅವನಿಗೆ ಅರ್ಧ ದಿನದ ಕೂಲಿಯನ್ನು ಕೊಟ್ಟು ಕೇಳಬೇಕು, ಏಕೆಂದರೆ ಕೊಳ್ಳುವ ಆಸೆಯಿಲ್ಲದವನ ಮಾತು ಬೇಕಾಗಿರುವುದು. ಅಪೂರ್ವವೆಂದು ತೋರಿದ ಒಂದೆರಡು ಸಾಮಾನುಗಳಿಗೆ ಮಾತ್ರ ದೂರದವರ ಅಭಿಪ್ರಾಯವನ್ನು ಪಡೆಯಬಹುದು. ತಮಿಳುನಾಡಿನ ಕಾರೈಕುಡಿ, ಕೊಚ್ಚಿಯ ಮಟ್ಟಾಂಚೇರಿ, ಮುಂಬಯಿಯ ಚೋರ್ ಬಜಾರ್ ಇವು ಹಳೆಯ ಸಾಮಾನಿನ ಹೆಸರಾಂತ ಪೇಟೆಗಳು. ಅಲ್ಲಿಯ ಅಂಗಡಿಗಳಲ್ಲಿ ಕೇಳುವ ಬೆಲೆಯೇ ನಮಗೆ ಬರತಕ್ಕ ಬೆಲೆಯೆಂದು ಭಾವಿಸಬಾರದು. ಸಾಗಣೆ, ದುರಸ್ತು, ಬಾಡಿಗೆ, ವರ್ಷಗಟ್ಟಲೆ ಕಾದಿರುವ ಬಂಡವಾಳದ ಬಡ್ಡಿ, ಇವೆಲ್ಲವೂ ಆ ಬೆಲೆಯೊಳಗಿವೆ. ಕೇಳಿದ ಬೆಲೆ ಬೇರೆ, ಮಾರಿದ ಬೆಲೆ ಬೇರೆ. ಹರಾಜುಶಾಲೆಗಳು ಪ್ರಕಟಿಸುವ ಮಾರಿದ ಬೆಲೆಯ ಪಟ್ಟಿಯೇ ನಂಬಿಕೆಗೆ ಹೆಚ್ಚು ಅರ್ಹವಾದದ್ದು. ಅದರಿಂದಲೂ ಶಾಲೆಯವರ ದಲ್ಲಾಳಿಯನ್ನು ಕಳೆಯಬೇಕು.

ವ್ಯಾಪಾರಿಯು ಬಂದಾಗ ಬೆಲೆಯನ್ನು ಮೊದಲು ನಾವು ಹೇಳಬಾರದು. “ಎಲ್ಲವೂ ಸೇರಿ ಇಷ್ಟು” ಎಂಬುದನ್ನು ಒಪ್ಪಬಾರದು. ಪಟ್ಟಿಯಲ್ಲಿರುವ ಒಂದೊಂದಕ್ಕೂ ಬೇರೆಬೇರೆಯಾಗಿ ಹೇಳಿಸಬೇಕು. ಹತ್ತು ಸಾಮಾನುಗಳಲ್ಲಿ ಒಂಬತ್ತನ್ನು ಅವನು ಒಂದರ ಸಲುವಾಗಿ ಕೊಳ್ಳುತ್ತಿರಬಹುದು. ಯಾವುದನ್ನು ಎರಡು ಸಲ ಮುಟ್ಟಿ ನೋಡಿದನು, ಯಾವುದರ ವಿಷಯದಲ್ಲಿ ಏನೂ ಮಾತನಾಡದೆ ದಾಟಿಹೋದನು ಎಂಬುದನ್ನು ಗಮನಿಸಿದರೆ ಆ ಒಂದು ಯಾವುದೆಂದು ತಿಳಿಯುತ್ತದೆ. ಇಬ್ಬರು ಮೂವರನ್ನು ಬೇರೆಬೇರೆ ದಿನ ಕರೆಯಿಸಿ, ಅವರು ಹೇಳಿದ್ದನ್ನು ಪಟ್ಟಿಯಲ್ಲಿ ಬರೆದಿಡಬೇಕು. ಒಂಬತ್ತು ಸಾಮಾನಿನ ಬೆಲೆಗಳು ಮೂವರಲ್ಲಿಯೂ ಹೆಚ್ಚುಕಡಮೆ ಒಂದೇ ಆಗಿರುತ್ತವೆ. ಅಂತರವಿರುವುದು ಆ ಹತ್ತನೆಯದರಲ್ಲಿ.

ಹೀಗೆ ವಿಚಾರಮಾಡಿದವರಲ್ಲಿ ಬಹುಮಂದಿಗೆ ದೊರೆಯುವ ಉತ್ತರವು ಸಾಮಾನ್ಯವಾದುದೇ ಆಗಿರುತ್ತದೆಂಬುದನ್ನು ಮರೆಮಾಚಲಾರೆವು. ಹೆಚ್ಚಿನ ಸಾಮಾನುಗಳು ಮರದ ಬೆಲೆಗೂ ಉಪಯೋಗದ ಬೆಲೆಗೂ ನಡುವೆ ನಿಲ್ಲುತ್ತವೆ. ಅದನ್ನು ಕೇಳಿ ನಿರಾಶೆಪಡಬೇಕಾಗಿಲ್ಲ. ಇದರಿಂದ ಒಂದು ದೊಡ್ಡ ಲಾಭವುಂಟು. ಪಾಲಾಗುವ ಮನೆಗಳಲ್ಲಿ ಜಗಳವಾಗುವುದು ಬೆಲೆಬಾಳುವ ವಸ್ತುವಿನ ವಿಷಯದಲ್ಲಿ ಅಲ್ಲ, ಬೆಲೆ ತಿಳಿಯದ ವಸ್ತುವಿನ ವಿಷಯದಲ್ಲಿ. ಅಣ್ಣನು ಒಯ್ದ ಬೀಟೆಯ ಮಂಚವು ಲಕ್ಷ ಬಾಳುತ್ತದೆಂದು ತಮ್ಮನೂ, ತಂಗಿಗೆ ಹೋದ ಬೀರುವು ಅದಕ್ಕಿಂತ ಹೆಚ್ಚೆಂದು ಅಣ್ಣನೂ ಹತ್ತು ವರ್ಷ ಮನಸ್ಸಿನಲ್ಲಿಯೇ ಕುದಿಯುತ್ತಾರೆ. ಒಂದು ದಿನದ ಅಳತೆಯಿಂದಲೂ ಒಂದು ಕಾಗದದ ಪಟ್ಟಿಯಿಂದಲೂ ಈ ಸಂಶಯವನ್ನು ಬೇರುಸಹಿತ ಕೀಳಬಹುದು. ಮಾರದಿದ್ದರೂ ಬೆಲೆಯನ್ನು ತಿಳಿದಿರಬೇಕೆಂದು ನಾವು ಹೇಳುವುದು ಇದಕ್ಕಾಗಿ.

ಮಾರಲೇಬಾರದ ಸಾಮಾನೂ ಉಂಟೇ ಎಂದು ಕೇಳಬಹುದು. ಯಾರೂ ಬಳಸದೆ ಅಟ್ಟದ ಮೇಲೆ ಹುಳು ಹಿಡಿಯುತ್ತಿರುವುದನ್ನು ಅಭಿಮಾನದಿಂದ ಇಟ್ಟುಕೊಂಡಿರುವುದರಲ್ಲಿ ಅರ್ಥವಿಲ್ಲ. ಬಳಸುವವರ ಮನೆಗೆ ಹೋದರೆ ಮಾಡಿದ ಬಡಗಿಗೆ ಅದೇ ಮರ್ಯಾದೆ. ಆದರೆ ದೇವರನ್ನಿಟ್ಟು ಪೂಜಿಸಿದ ಮಂದಾಸನವನ್ನೋ, ಮನೆಯ ಮುದುಕಿಯು ಐವತ್ತು ವರ್ಷದಿಂದ ಮಲಗುತ್ತಿರುವ ಮಂಚವನ್ನೋ ಪಟ್ಟಿಗೆ ಸೇರಿಸುವುದಕ್ಕೆ ಮುಂಚೆ, ಅವರು ಬದುಕಿರುವಾಗಲೇ ಅವರನ್ನು ಒಂದು ಮಾತು ಕೇಳತಕ್ಕದ್ದು. ಅವರ ಉತ್ತರವು ಏನೇ ಇರಲಿ, ಆ ಸಾಮಾನು ಯಾರು ಮಾಡಿದ್ದು, ಯಾವ ಕಾಡಿನ ಮರ, ಯಾರ ಮದುವೆಗೆ ಬಂದದ್ದು ಎಂಬುದೂ ಆಗಲೇ ತಿಳಿದುಬರುತ್ತದೆ. ಅದನ್ನೂ ಪಟ್ಟಿಯಲ್ಲಿ ಬರೆದಿಡಿರಿ. ಮರದ ಅಡಿಯನ್ನು ಮಗುಚಿ ನೋಡಿದರೆ ತಿಳಿಯದಿರುವ ಸಂಗತಿಗಳು ಅವು. ಹೇಳುವವರು ಹೋದ ಮೇಲೆ ಯಾವ ಬೆಲೆಗೂ ದೊರೆಯಲಾರವು.